ಜೇಬಿನ ಭಾರ

ಪ್ಯಾಂಟಿನ ಜೇಬು ತೂತಾಗಿ ಚಿಲ್ಲರೆಯೆಲ್ಲ ಕಾಲಿನೊಳಗಿಂದ ಜಾರಿ ಬೂಟಿನಲ್ಲಿ ಠೇವಣಿಯಾಗತೊಡಗಿತು. ಟೈಲರ್ ಜೇಬನ್ನು ಹೊರಗೆಳೆದು ನೋಡಿ, "ಸಾರ್, ಇದಕ್ಕೆ ಬಟ್ಟೆ ಸಾಲಲ್ಲ, ಗೋಣಿತಟ್ಟೇ ಹೊಲೀಬೇಕು" ಅಂದ. ಮನೆಯ ತಕ್ಕಡಿಗೆ ನನ್ನ ಸಮಸ್ತ ಸಂಪತ್ತನ್ನು ಸುರಿದೆ. ಕಾಲು ಕೆ.ಜಿ.! "ಇಷ್ಟಕ್ಕೆ ಕಾಲು ಕೆ.ಜಿ. ತುಪ್ಪವೂ ಬರಲ್ಲ ರೀ" ಎಂದಳು ಹೆಂಡತಿ. ನನ್ನ ಆರ್ಥಿಕ ಸಮೀಕ್ಷೆ ಅಲ್ಲಿಗೆ ಮುಗಿಯಿತು.

ಆದರೂ ಈಗಿನ ರೂಪಾಯಿಯನ್ನು ಭಾರ ಅಂದರೆ ಹಿರಿಯರು ನಕ್ಕಾರು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಎಂಬತ್ತು ತೊಲಕ್ಕೆ ಒಂದು ಪಕ್ಕಾ ಸೇರು. ದುಡ್ಡೇ ತೂಕದ ಬಟ್ಟೂ ಆಗುತ್ತಿತ್ತು. 1962ರ ನಿಕಲ್ ರೂಪಾಯಿ 10 ಗ್ರಾಂ ಇತ್ತು; 1975ರಲ್ಲಿ 8, 1983ರಲ್ಲಿ 6. 1992ರಲ್ಲಿ ಸ್ಟೀಲಿಗೆ ಬಂದು 4.85, 2011ರಲ್ಲಿ 3.79, 2019ರಲ್ಲಿ 3.09. ಅದೇ ಅವಧಿಯಲ್ಲಿ ನನ್ನ ತೂಕದ ಪಟ್ಟಿಯನ್ನು ದಯವಿಟ್ಟು ಕೇಳಬೇಡಿ.

ಕಾರಣ ಸರಳ. ಲೋಹದ ಬೆಲೆ ನಾಣ್ಯದ ಮುಖಬೆಲೆಯನ್ನು ಮೀರಿದರೆ ಜನ ಅದನ್ನು ಖರ್ಚು ಮಾಡುವುದಿಲ್ಲ, ಕರಗಿಸುತ್ತಾರೆ. ಹಾಗಾಗಿ ಟಂಕಸಾಲೆ ಅಗ್ಗದ ಲೋಹ ಹಿಡಿದು ಅಂಚು ಸವರುತ್ತಲೇ ಬಂತು. ಐದು ರೂಪಾಯಿ ಮಾತ್ರ ನನ್ನ ಪಕ್ಷ: 9 ಗ್ರಾಂನಿಂದ 6ಕ್ಕೆ ಇಳಿದದ್ದು 2019ರಲ್ಲಿ ಮತ್ತೆ 6.74ಕ್ಕೆ ಏರಿತು. ಡಯಟ್ ಬಿಟ್ಟವರ ಕಥೆಯೇ ಹಾಗೆ.

ಅಂಗಡಿಯ ಅಣ್ಣಂದಿರೇ, ಚಿಲ್ಲರೆ ಇಲ್ಲವೆಂದು ಕೈಗೆ ಚಾಕೊಲೇಟ್ ತುರುಕಬೇಡಿ. ರೂಪಾಯಿಯನ್ನೇ ಕೊಡಿ, ಜೇಬು ಹೊಲಿಸಿಯಾಗಿದೆ.