ನಾಲ್ಕನೇ ಜ್ವರ

ಬೆನ್ನಿಗೆ ಚೂರಿ ಹಾಕಿಸಿಕೊಂಡವರ ಕಥೆಗಳು ಪುರಾಣದಿಂದ ರಾಜಕೀಯದವರೆಗೆ ಬೇಕಾದಷ್ಟಿವೆ. ಆದರೆ ಅದಕ್ಕೆ ಮುಂಗಡ ಕಟ್ಟಿ, ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಮೂರು ಕಡೆ ಸಹಿ ಹಾಕಿ, ಕೊನೆಗೆ ಚೂರಿ ಹಾಕಿದವರಿಗೇ ಕೈಮುಗಿದು ಬಂದವನು ಕನಕಪುರದ ಕಡೆ ನಾನೊಬ್ಬನೇ ಇರಬೇಕು ಅಂದುಕೊಂಡಿದ್ದೆ. ಬೆಂಗಳೂರಿನ ಆಸ್ಪತ್ರೆಯ ವಾರ್ಡಿನಲ್ಲಿ ನೋಡಿದರೆ ಎಡಕ್ಕೊಬ್ಬರು, ಬಲಕ್ಕೊಬ್ಬರು, ಎಲ್ಲರೂ ಸಹಿ ಹಾಕಿದವರೇ.

ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕು ಹೊರಗೆ ಜಾರಿ ಎಡಗಾಲಿನ ನರದ ಮೇಲೆ ಕೂತಿತ್ತು. ಡಾಕ್ಟರು ಪ್ಲಾಸ್ಟಿಕ್ ಬೆನ್ನುಮೂಳೆ ಹಿಡಿದು ವಿವರಿಸಿದಾಗ ತಲೆಯಾಡಿಸಿದೆನೇ ಹೊರತು ಅರ್ಥವಾಗಿರಲಿಲ್ಲ. ಅರ್ಥವಾದದ್ದು ಮನೆಗೆ ಬಂದು ಮೊಮ್ಮಗಳ ಬಳೆಗೊಂಬೆ ನೋಡಿದಾಗ. ಚನ್ನಪಟ್ಟಣದ ಗೆಳೆಯ ತಂದುಕೊಟ್ಟದ್ದು. ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ಗರಿಯಿಂದ ಉಜ್ಜಿ ಹೊಳಪು ಬರಿಸಿದ ಬಳೆಗಳು, ಅವಕ್ಕೆ ನಡುವೆ ಒಂದು ಕಡ್ಡಿ. ಗೊಂಬೆಯಲ್ಲಿ ಕಡ್ಡಿ ಗಟ್ಟಿ, ಬಳೆ ಸಡಿಲ. ನಮ್ಮಲ್ಲಿ ಬಳೆ ಗಟ್ಟಿ, ನಡುವೆ ಹಾಯುವುದು ನರ. ಮಗು ಹಳದಿ ಬಳೆಯನ್ನು ಅಡ್ಡಾದಿಡ್ಡಿ ತುರುಕಿ, ಕೂರದೇ ಇದ್ದಾಗ ನೆಲಕ್ಕೆ ಬಡಿಯಿತು. ನನ್ನ ಸೊಂಟ ಚಳುಕ್ ಎಂದಿತು. ಮರುದಿನವೇ ಸಹಿ ಹಾಕಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಕಷ್ಟವೆಲ್ಲ ಆಮೇಲೆ.

ಮೊದಲ ಕಂತು ಬಂದದ್ದು ಮೂತ್ರದ ನಳಿಕೆ ತೆಗೆದ ರಾತ್ರಿ. ಹೊಟ್ಟೆ ಬಿರಿಯುತ್ತಿದೆ, ಒಂದು ಹನಿ ಇಳಿಯುತ್ತಿಲ್ಲ. ಅರಿವಳಿಕೆಯ ನಂತರ ಹೀಗಾಗುವುದುಂಟಂತೆ. ನರ್ಸಮ್ಮ ಕೊಳಾಯಿ ಬಿಟ್ಟು ನೀರಿನ ಸದ್ದು ಕೇಳಿಸಿದರು. ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುವ ಜಾಗವನ್ನು ಕಣ್ಣುಮುಚ್ಚಿ ನೆನೆದೆ. ಪ್ರಯೋಜನವಾಗಲಿಲ್ಲ. ನಮ್ಮ ಮೇಕೆದಾಟಿನ ಅಣೆಕಟ್ಟು ಎಷ್ಟೋ ವರ್ಷಗಳಿಂದ ಕಾಗದದ ಮೇಲೇ ಇದೆ. ನನ್ನೊಳಗೆ ಮಾತ್ರ ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸಿದ್ದರು. ಮತ್ತೆ ನಳಿಕೆ ಹಾಕಿ, ಎರಡು ದಿನ ಬಿಟ್ಟು ತೆಗೆದ ಮೇಲೆ ನೀರು ಬಿಡುಗಡೆಯಾಯಿತು. ಯಾವ ನ್ಯಾಯಮಂಡಳಿಯೂ ಬೇಕಾಗಲಿಲ್ಲ.

ಎರಡನೆಯದು ತಲೆನೋವು. ಮಲಗಿದರೆ ಏನೂ ಇಲ್ಲ. ಎದ್ದು ಕೂತರೆ ಯಾರೋ ಹಾರೆ ಹಾಕಿ ಮೀಟಿದ ಹಾಗೆ. ನರಗಳನ್ನು ಸುತ್ತಿರುವ ತೆಳು ಪೊರೆಯಲ್ಲಿ ಸಣ್ಣ ಸೀಳಾಗಿ ಒಳಗಿನ ನೀರು ಸೋರುತ್ತಿದೆ ಎಂದರು ಡಾಕ್ಟರು. ಮಿದುಳು ತೇಲುವುದು ಅದರಲ್ಲೇ. ಇಡೀ ದೇಹದಲ್ಲಿ ಅದಿರುವುದು ಸುಮಾರು 150 ಮಿಲಿಲೀಟರ್, ಒಂದು ದೊಡ್ಡ ಲೋಟ ಕಾಫಿಯಷ್ಟು. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಊರುತ್ತಲೇ ಇರುತ್ತದೆ. ‘ಅಲ್ಲಾಡದೆ ಚಪ್ಪಟೆ ಮಲಗಿ, ಪೊರೆ ತಾನೇ ಕೂಡಿಕೊಳ್ಳುತ್ತದೆ’ ಎಂದರು. ಈ ತಲೆನೋವಿಗೊಂದು ಚರಿತ್ರೆಯೂ ಇದೆ. 1898ರಲ್ಲಿ ಜರ್ಮನಿಯ ಕೀಲ್ ಎಂಬ ಊರಲ್ಲಿ ಆಗಸ್ಟ್ ಬಿಯರ್ ಎಂಬ ಡಾಕ್ಟರು ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯನ್ನು ಪರೀಕ್ಷಿಸಲು ತಮ್ಮ ಬೆನ್ನನ್ನೇ ಒಡ್ಡಿದರು. ಸೂಜಿ ಸಿರಿಂಜಿಗೆ ಸರಿಹೊಂದದೆ ಆ ನೀರು ಸೋರಿಹೋಯಿತು. ಆಮೇಲೆ ಸಹಾಯಕನ ಬೆನ್ನಿಗೆ ಮದ್ದು ಕೊಟ್ಟು, ಅವನ ಮೊಣಕಾಲಿನ ಕೆಳಗೆ ಬಡಿದು, ನೋವಿಲ್ಲ ಎಂದು ಖಾತ್ರಿಯಾದ ಮೇಲೆ ಇಬ್ಬರೂ ವೈನು, ಚುಟ್ಟಗಳೊಂದಿಗೆ ಹಬ್ಬ ಮಾಡಿದರು. ಆಮೇಲೆ ಬಿಯರ್ ಸಾಹೇಬರು ಒಂಬತ್ತು ದಿನ ತಲೆ ಎತ್ತದೆ ಮಲಗಬೇಕಾಯಿತು. ಈ ಕಥೆ ಹೇಳಿದಾಗ ನನ್ನ ಹೆಂಡತಿಗೆ ನೆನಪುಳಿದದ್ದು ಡಾಕ್ಟರ ಹೆಸರೊಂದೇ. ‘ಆ ಹೆಸರಿಟ್ಟುಕೊಂಡವರಿಗೆ ತಲೆನೋವು ಬರದೆ ಇನ್ನೇನು ಬರುತ್ತೆ’ ಎಂದಳು.

ಕನಕಪುರದ ನಮ್ಮ ಮನೆ ಮಹಡಿಯ ಮೇಲೆ. ಮೆಟ್ಟಿಲು ಕೂಡದೆಂದು ನನ್ನನ್ನು ರಾಮನಗರದ ಹತ್ತಿರ ಹೆಂಡತಿಯ ತವರಿಗೆ ಸಾಗಿಸಿದರು. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಮೈಸೂರಿಗೆ ಹೋಗುವವರಿಗೆ ಹೊಟ್ಟೆಯ ನೀರು ಅಲ್ಲಾಡುವುದಿಲ್ಲ. ನಡುವೆ ಇಳಿಯುವವರ ಪಾಲಿಗೆ ಸರ್ವಿಸ್ ರಸ್ತೆ, ಅದರ ಹಂಪುಗಳು. ಹಿಂದಿನ ಸೀಟಿನಲ್ಲಿ ದಿಮ್ಮಿಯಂತೆ ಮಲಗಿ ನಾನು ಅವನ್ನು ಎಣಿಸಿದ್ದೇನೆ. ಸಂಖ್ಯೆ ಕೇಳಬೇಡಿ, ನನ್ನ ಬೆನ್ನಿಗೆ ಗೊತ್ತು. ಊರು ತಲುಪುವಷ್ಟರಲ್ಲಿ ವಿಳಾಸವೂ ಬದಲಾಗಿತ್ತು: 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಗಿದೆ. ನನ್ನ ನೋವೂ ದೇಹದ ದಕ್ಷಿಣದಲ್ಲೇ ಇದ್ದುದರಿಂದ ತಕರಾರು ಮಾಡಲಿಲ್ಲ.

ನನ್ನ ಕೋಣೆಯ ಗೋಡೆಗೆ ಅಂಟಿಕೊಂಡೇ ಭಾವಮೈದನ ಹುಳುಮನೆ. ಆ ವಾರವೇ, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳು ಬಂದಿದ್ದವು. ರೇಷ್ಮೆಹುಳು ಹುಟ್ಟಿದಂದಿನಿಂದ ಗೂಡು ಕಟ್ಟುವವರೆಗೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ರೈತರು ಅದಕ್ಕೆ ಜ್ವರ ಎನ್ನುತ್ತಾರೆ. ಮೊದಲ ಎರಡು ಜ್ವರ ಚಾಕಿ ಕೇಂದ್ರದಲ್ಲೇ ಮುಗಿಯುತ್ತವೆ. ಉಳಿದೆರಡು ರೈತನ ಮನೆಯಲ್ಲಿ. ಕೇಳಿ ಬೆಚ್ಚಿಬಿದ್ದೆ. ನನಗೂ ಎರಡು ಆಸ್ಪತ್ರೆಯಲ್ಲಿ ಮುಗಿದಿದ್ದವು!

ಜ್ವರಕ್ಕೆ ಕೂತ ಹುಳುವನ್ನು ಭಾವಮೈದ ಒಮ್ಮೆ ಎಲೆಯ ಸಮೇತ ತಂದು ತೋರಿಸಿದ. ಮುಂಗಾಲುಗಳನ್ನು ಮೇಲೆತ್ತಿ, ತಲೆಯನ್ನು ಗಾಳಿಯಲ್ಲಿ ನಿಲ್ಲಿಸಿ, ಧ್ಯಾನಕ್ಕೆ ಕೂತ ಹಾಗೆ ಸ್ತಬ್ಧವಾಗಿತ್ತು. ಬೆನ್ನುಮೂಳೆಯೇ ಇಲ್ಲದ ಪ್ರಾಣಿ ತಲೆ ಎತ್ತಿ ಕೂತಿದೆ. ಮೂವತ್ತಮೂರು ಮೂಳೆಯವನು ಅಂಗಾತ ಬಿದ್ದಿದ್ದೇನೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹಾಸಿಗೆ ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲೆಳೆದುಕೊಳ್ಳುತ್ತಾರೆ. ಹೊರಗಿನವರು ಒಳಗೆ ಬರುವಂತೆಯೇ ಇಲ್ಲ. ಮನೆಯವರಾದರೂ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಲ್ಲಿ ಕಾಲದ್ದಿ, ಕೈ ತೊಳೆದೇ ಹೋಗಬೇಕು.

ನನ್ನ ಕೋಣೆಗೆ ಈ ಯಾವ ಕಾನೂನೂ ಇರಲಿಲ್ಲ. ನಾಲ್ಕು ತಾಲ್ಲೂಕಿನ ನೆಂಟರು ಬಸ್ಸಿಳಿದು ನೇರ ಬಂದು ಮಂಚದ ಅಂಚಿಗೆ ಕೂರುತ್ತಿದ್ದರು. ‘ನಮ್ಮೂರಲ್ಲೂ ಒಬ್ಬರು ಬೆನ್ನಿಗೆ ಆಪರೇಷನ್ ಮಾಡಿಸಿಕೊಂಡಿದ್ದರು’ ಎಂದು ಶುರುಮಾಡಿ, ಮುಂದಿನದನ್ನು ಹೇಳದೆ ನಿಟ್ಟುಸಿರು ಬಿಡುತ್ತಿದ್ದರು. ಒಬ್ಬರು ಪುತ್ತೂರಿನ ಎಣ್ಣೆ ತಂದರು. ಮಾಗಡಿಯ ಚಿಕ್ಕಮ್ಮ ಸಾವನದುರ್ಗದ ವೀರಭದ್ರನಿಗೆ ಹರಕೆ ಹೊತ್ತು ಬಂದಿದ್ದರು: ವಾಸಿಯಾದರೆ ಬೆಟ್ಟ ಹತ್ತುತ್ತೇನೆ ಅಂತ. ‘ಪುಣ್ಯ ಚಿಕ್ಕಮ್ಮ’ ಎಂದೆ. ‘ನಾನಲ್ಲಪ್ಪ, ನೀನು’ ಎಂದರು. ಅದು 1,226 ಮೀಟರ್ ಎತ್ತರದ ಒಂಟಿ ಬಂಡೆ. ನನಗೆ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ತಿರುಚುವಂತಿಲ್ಲ. ಕಿಟಕಿಯಲ್ಲಿ ಕಾಣುತ್ತಿದ್ದ ರಾಮದೇವರ ಬೆಟ್ಟವನ್ನೇ ನೋಡುತ್ತ ಸುಮ್ಮನಾದೆ. ಜನ ಅಲ್ಲಿ ಗಬ್ಬರ್ ಸಿಂಗನ ಬಂಡೆ ಹುಡುಕುತ್ತಾರೆ, ನಾನು ರಣಹದ್ದುಗಳನ್ನು ಹುಡುಕುತ್ತಿದ್ದೆ. ಒಂದೂ ಸುತ್ತುತ್ತಿಲ್ಲ, ಅಂದರೆ ಬದುಕುತ್ತೇನೆ ಎಂಬ ಲೆಕ್ಕ. ಆಮೇಲೆ ಹೊಳೆಯಿತು, 2012ರಲ್ಲಿ ಆ ಬೆಟ್ಟವನ್ನು ರಣಹದ್ದುಧಾಮ ಮಾಡಿದ್ದೇ ಅವು ತೀರಾ ಕಡಿಮೆಯಾದವೆಂದು. ಹಾಗಾಗಿ ಆ ಶಕುನವನ್ನೂ ನಂಬುವಂತಿರಲಿಲ್ಲ.

ಮೂರನೆಯದು ನಿಜವಾದ ಜ್ವರವೇ. ಮನೆಗೆ ಬಂದ ಹತ್ತನೇ ದಿನ ಮೈ ಬಿಸಿಯಾಯಿತು. ಹುಳುವಿನ ವೇದಾಂತ ಆಗಷ್ಟೇ ಕಲಿತಿದ್ದೆನಲ್ಲ, ‘ಇದು ಪೊರೆ ಬಿಡುವ ಜ್ವರ, ಮುಟ್ಟಬೇಡಿ’ ಎಂದು ಮನೆಯವರಿಗೆಲ್ಲ ಬೋಧಿಸಿದೆ. ಎರಡನೇ ರಾತ್ರಿ ಸೊಪ್ಪು ಹಾಕಲು ಎದ್ದ ಭಾವಮೈದ ನನ್ನ ಕೋಣೆಗೆ ಇಣುಕಿದ. ನಾನು ಬೆವರಿ ಮಿರುಗುತ್ತ ಮಂಚದ ಅಂಚಿಗೆ ಹೊರಳುತ್ತಿದ್ದೆ. ಬನಿಯನ್ನಿನ ಬೆನ್ನು ಒದ್ದೆಯಾಗಿತ್ತು. ಅವನು ದೀಪ ಹಾಕಿ, ಕಲೆ ನೋಡಿ, ಮೂಸಿ, ‘ಇದು ಜ್ವರ ಅಲ್ಲ ಭಾವ, ರೋಗ. ನಡೀರಿ’ ಎಂದ. ಜ್ವರಕ್ಕೆ ಕೂತ ಹುಳು ಒಣಗಿರುತ್ತದೆ, ಅಲ್ಲಾಡುವುದಿಲ್ಲ. ಹಾಲುತೊಂಡೆ ರೋಗ ಹಿಡಿದ ಹುಳು ಊದಿ, ಹೊಳೆದು, ನಿಂತಲ್ಲಿ ನಿಲ್ಲದೆ ತಟ್ಟೆಯ ಅಂಚಿಗೆ ಹರಿದಾಡುತ್ತದೆ, ಹಾಲಿನಂಥ ರಸ ಸುರಿಸುತ್ತದೆ. ಅಂಥದ್ದನ್ನು ಕಾಯುತ್ತ ಕೂತರೆ ಬೆಳೆಯೇ ಹೋಯಿತು. ಅವನ ಕಣ್ಣು ಆ ರಾತ್ರಿ ನನ್ನನ್ನು ಹುಳುವಿನಂತೆಯೇ ನೋಡಿತ್ತು. ಅದು ನನ್ನ ಪುಣ್ಯ.

ಗಾಯದ ಕೆಳತುದಿಯಲ್ಲಿ ಸೋಂಕು, ಆಳಕ್ಕಿಳಿದಿರಲಿಲ್ಲ. ತೊಳೆದು, ಕೀವನ್ನು ಪರೀಕ್ಷೆಗೆ ಕಳಿಸಿ, ವಾರಗಟ್ಟಲೆ ಆ್ಯಂಟಿಬಯಾಟಿಕ್ ಬರೆದರು. ಹೊರಡುವಾಗ ಡಾಕ್ಟರು ಬೆರಳು ಮಡಚಿ ಹೇಳಿದರು: ಜ್ವರ, ಗಾಯ ಒದ್ದೆ, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಮೀನಖಂಡ ಊದುವುದು, ಕಾಲಿನ ಶಕ್ತಿ ಕುಂದುವುದು. ಇವಕ್ಕೆ ಬೆಳಗಾಗಲಿ ಎಂದು ಕಾಯಬೇಡಿ. ಮಿಕ್ಕದ್ದಕ್ಕೆ ಬೆಳಿಗ್ಗೆ ಫೋನ್ ಮಾಡಿ. ಅದಾದ ಮೇಲೆ ನನ್ನ ಕೋಣೆಯ ಬಾಗಿಲಲ್ಲೂ ಭಾವಮೈದ ಕೈತೊಳೆಯುವ ಬಕೆಟ್ಟು ಇಟ್ಟ. ಚಿಕ್ಕಮ್ಮ ಅದಕ್ಕೆ ಮುನಿಸಿಕೊಂಡರು. ಹರಕೆ ಮಾತ್ರ ವಾಪಸು ಪಡೆಯಲಿಲ್ಲ.

ನನ್ನ ಗಾಯ ಒಣಗುವಷ್ಟರಲ್ಲಿ ಅವನ ಹುಳುಗಳು ಹಣ್ಣಾಗಿ, ಚಂದ್ರಿಕೆ ಎಂಬ ತಟ್ಟಿ ಹತ್ತಿ, ಗೂಡು ಕಟ್ಟಿ, ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗಿ, ಮುಂದಿನ ಬೆಳೆಯೂ ಬಂದಿತ್ತು. ನಾನಿನ್ನೂ ಅದೇ ಹಾಸಿಗೆಯಲ್ಲಿ.

ಹಾಗೆ ಬಂದದ್ದು ನಾಲ್ಕನೆಯದು. ಅದಕ್ಕೆ ಥರ್ಮಾಮೀಟರ್ ಇಲ್ಲ. ನೋವು ಹೋಗಿತ್ತು, ನಡೆಯುತ್ತಿದ್ದೆ, ಆದರೆ ಎಡಗಾಲಿನ ಹೆಬ್ಬೆರಳು ಮೇಲೇಳುತ್ತಿರಲಿಲ್ಲ. ದಿನವಿಡೀ ಅದನ್ನೇ ನೋಡುತ್ತ ಕೂರುವುದು. ಕಡಿದ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಎಂದು ಎಲ್ಲೋ ಓದಿ, ಟೇಪಿನಲ್ಲಿ ಸೊಂಟದಿಂದ ಬೆರಳಿನವರೆಗೆ ಅಳೆದು, ಸಾವಿರ ದಿನ ಎಂದು ಲೆಕ್ಕ ಹಾಕಿ ಡಾಕ್ಟರಿಗೆ ತೋರಿಸಿದೆ. ‘ನಿಮ್ಮ ನರ ಕಡಿದಿಲ್ಲ, ಒತ್ತಿಸಿಕೊಂಡಿತ್ತು ಅಷ್ಟೆ. ಟೇಪು ಒಳಗಿಡಿ’ ಎಂದರು. ನಾನು ಇಡಲಿಲ್ಲ. ಒಂದು ದಿನ ಒಳ್ಳೆಯದಿದ್ದರೆ ಮರುದಿನ ಎರಡು ಪಟ್ಟು ನಡೆದು, ಅದರ ಮರುದಿನ ಮಂಚ ಹಿಡಿಯುವುದೇ ಆಯಿತು.

ಅವತ್ತು ಬೆಳಿಗ್ಗೆ ಹುಳುಮನೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಹುಳುಗಳು ನಾಲ್ಕನೇ ಜ್ವರದಿಂದ ಏಳುತ್ತಿದ್ದವು. ಮುಂಚೆ ಎದ್ದವು ಬಾಯಿ ಬಿಟ್ಟುಕೊಂಡು ಸೊಪ್ಪಿಗಾಗಿ ತಡಕಾಡುತ್ತಿದ್ದವು. ಕತ್ತರಿಸಿದ ಕಡ್ಡಿಸೊಪ್ಪು ಬಾಗಿಲಲ್ಲೇ ಬಿದ್ದಿತ್ತು. ‘ಪಾಪ, ಎದ್ದಿವೆಯಲ್ಲ, ಹಾಕೋ’ ಎಂದೆ.

‘ನಾಲ್ಕು ಎದ್ದವು ಅಂತ ಸೊಪ್ಪು ಹಾಕಿದರೆ ಮಲಗಿರೋವು ಅದರಡಿ ಸೇರಿಕೊಳ್ತವೆ ಭಾವ. ಆಮೇಲೆ ಒಂದು ದಪ್ಪ ಒಂದು ಸಣ್ಣ, ಗೂಡು ಒಂದೇ ಸಮ ಬರಲ್ಲ. ಎದ್ದೋವು ಕಾಯ್ತವೆ ಬಿಡಿ. ಹಿಂದುಳಿದೋವು ಏಳಲಿ.’

ಅವನು ಹುಳುವಿನ ವಿಷಯವನ್ನೇ ಹೇಳಿದ್ದು. ನಾನು ಕಾಲ ಕಡೆ ನೋಡಿದೆ. ಬೆನ್ನು ಎದ್ದಿದೆ, ಮಂಡಿ ಎದ್ದಿದೆ, ಪಾದವೂ ಅರ್ಧ ಎದ್ದಿದೆ. ಸಂಜೆ ಟೇಪನ್ನು ಮೊಮ್ಮಗಳಿಗೆ ಆಡಲು ಕೊಟ್ಟೆ. ನಡಿಗೆ ಹೊಲದ ಬದುವಿನವರೆಗೆ ಮಾತ್ರ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿಲ್ಲ.

ರಾತ್ರಿ ಗೋಡೆಯಾಚೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಇಡೀ ಆಯುಷ್ಯದಲ್ಲಿ ತಿನ್ನುವುದರ ಮುಕ್ಕಾಲಿಗೂ ಹೆಚ್ಚು ಸೊಪ್ಪನ್ನು ಅವು ತಿನ್ನುವುದು ನಾಲ್ಕನೇ ಜ್ವರ ಕಳೆದ ಮೇಲೆಯೇ. ಮಾಗಡಿಯಿಂದ ಚಿಕ್ಕಮ್ಮ ಫೋನ್ ಮಾಡಿ ಬೆಟ್ಟದ ವಿಚಾರ ಕೇಳುತ್ತಿರುತ್ತಾರೆ. ಹೊದಿಕೆಯೊಳಗೆ ಹೆಬ್ಬೆರಳನ್ನು ಒಮ್ಮೆ ಎಬ್ಬಿಸಿ ನೋಡಿ ಹೇಳುತ್ತೇನೆ: ‘ಒಂದು ಹುಳು ಇನ್ನೂ ಎದ್ದಿಲ್ಲ ಚಿಕ್ಕಮ್ಮ. ಕಾಯ್ತಾ ಇದ್ದೀವಿ.’