ಮಿಲಿಟರಿ ಡಾಕ್ಟರ ಸೋದರಮಾವ

ನಮ್ಮ ಅಕ್ಕನ ಮಗ ಮಿಲಿಟರಿ ಡಾಕ್ಟರಾದದ್ದರಲ್ಲಿ ಅವನ ಪಾಲು ಎಷ್ಟೋ, ನನ್ನದಂತೂ ದೊಡ್ಡದು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿಗೆ ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಅವನ ಟ್ರಂಕು ಹೊತ್ತವನು ನಾನು. ಅಕ್ಕ ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂತು ರೇಷ್ಮೆ ಸೀರೆ ನೇಯ್ದು ಅವನನ್ನು ಓದಿಸಿದಳು, ನಿಜ. ಆದರೆ ಅವಳು ಅದನ್ನು ಯಾರಿಗೂ ಹೇಳುವವಳಲ್ಲ. ಹೇಳುವ ಕೆಲಸವೆಲ್ಲ ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ಇಟ್ಟುಕೊಂಡ ನನ್ನ ತಲೆಗೇ ಬಿತ್ತು.

ಅವನು ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ದಕ್ಷಿಣ ಸುಡಾನಿನ ಮಲಕಾಲಿಗೆ ಹೋದ ಮೇಲೆ ನಮ್ಮ ಮಂಡಿಯಲ್ಲಿ ಶೇಂಗಾಕ್ಕಿಂತ ಚರಿತ್ರೆಯ ಆವಕವೇ ಹೆಚ್ಚಾಯಿತು. 1950ರಲ್ಲಿ ಕೊರಿಯಾ ಯುದ್ಧಕ್ಕೆ ನೆಹರೂ ಬಂದೂಕಿನವರನ್ನು ಬಿಟ್ಟು ಡಾಕ್ಟರುಗಳನ್ನು ಕಳಿಸಿದ್ದು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60 ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್‌ನವರು ಪ್ಯೋಂಗ್ಯಾಂಗ್‌ನಿಂದ ಹಿಂದೆ ಸರಿಯುವಾಗ ಆಸ್ಪತ್ರೆಯ ಸಾಮಾನು ಬಿಟ್ಟುಬರಲು ಒಪ್ಪದೆ, ಎಲ್ಲಿಂದಲೋ ಒಂದು ಉಗಿ ಎಂಜಿನ್ ಹುಡುಕಿ, ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ತುಂಬಿಸಿ, ತಾವೇ ರೈಲು ಓಡಿಸಿಕೊಂಡು ಬಂದದ್ದು. ಆ ಕಾಲಕ್ಕೆ ಹುಡುಗನಿರಲಿ, ಅವನಪ್ಪನೂ ಹುಟ್ಟಿರಲಿಲ್ಲ. ಆದರೂ ನಾನು ಹೇಳುವ ಧಾಟಿಯಲ್ಲಿ ಒಂದು ಬಕೆಟ್ಟು ನಮ್ಮ ಮನೆಯದೇ. ಹಮಾಲರು “ಬಕೆಟ್ ಬಂತು” ಎಂದು ಟೀ ಕುಡಿಯಲು ಎದ್ದುಹೋಗುತ್ತಿದ್ದರು. ಪಕ್ಕದ ಮಂಡಿಯವರ ಮಗ ಅಮೆರಿಕದಲ್ಲಿ ಕಂಪ್ಯೂಟರ್ ಕುಟ್ಟುತ್ತಾನೆ. ಅವರು ಡಾಲರ್ ಅಂದರೆ ಸಾಕು, ಇದೇ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಹೀಗೆ ಕೇಳುವವರಿಲ್ಲದೆ ಸೊರಗಿದ್ದಾಗ, ಅಕ್ಕನ ಮನೆಗೆ ಹೊರಟ ಬಸ್ಸಿನಲ್ಲಿ ತಳಕಿನ ಹತ್ತಿರ ಕಂಬಳಿ ಹೊದ್ದ ಮುದುಕನೊಬ್ಬ ಹತ್ತಿ ಪಕ್ಕದಲ್ಲಿ ಕೂತ. ದೇವರ ಎತ್ತು ಕಾಯುವ ಕಿಲಾರಿಯಂತೆ. ಕಿಟಕಿಯ ಕಡೆ ನಾನೇ ಇದ್ದೆನಾದ್ದರಿಂದ ತಪ್ಪಿಸಿಕೊಳ್ಳಬೇಕಾದವನು ಅವನು. ತಪ್ಪಿಸಿಕೊಳ್ಳಲಿಲ್ಲ.

“ನಮ್ಮ ಅಕ್ಕನ ಮಗ ಮಿಲಿಟ್ರಿ ಡಾಕ್ಟ್ರು,” ಅಂದೆ.

“ಒಳ್ಳೇದಾತು. ಎಲ್ಲವ್ನೆ?”

“ಮಲಕಾಲ್.”

“ನಾನೂ ಅಲ್ಲಿಗೇ ಹೋಗ್ತಿರಾದು.”

“ಅದಲ್ಲ ಯಜಮಾನ, ಮಲಕಾಲ್. ಬಾಳ ದೂರ.”

“ಏನ್ ದೂರ? ಬಿ.ಜಿ. ಕೆರೆ, ಹಾನಗಲ್, ಆಮ್ಯಾಕೆ ಅದೇಯ.”

“ಅಲ್ಲಿ ನದಿ ಐತೆ. ನೈಲ್ ನದಿ.”

“ಮೊಳಕಾಲ್ಮೂರಾಗೆ ನದಿ!” ಮುದುಕ ನನ್ನನ್ನು ಮೊದಲ ಸಲ ಕನಿಕರದಿಂದ ನೋಡಿದ. “ಬಿಸ್ಲಿಗೆ ತಿರುಗ್ಬೇಡ ಸಾಮಿ.”

ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿ, “ಡಾಕ್ಟ್ರು ಸಂಜೆ ಎಷ್ಟೊತ್ತಿನವರೆಗೆ ಇರ್ತಾರಣ್ಣ? ಮಂಡಿ ನೋವು ತೋರಿಸ್ಬೇಕಿತ್ತು,” ಎಂದಳು. ಕಂಡಕ್ಟರು, ಯಾವ ಬೀದಿಯೆಂದು ಹೇಳಿದರೆ ಅಲ್ಲೇ ನಿಲ್ಲಿಸುವುದಾಗಿ ಭರವಸೆ ಕೊಟ್ಟ. ಯಾರೋ ಫೀಸು ಕೇಳಿದರು. ಇನ್ಯಾರೋ, ಮಿಲಿಟರಿಯವರು ಫೀಸು ತಗೊಳ್ಳಲ್ಲ ಎಂದು ನನ್ನ ಪರವಾಗಿ ಉತ್ತರಿಸಿದರು. ಬಸ್ಸಿನ ಅರ್ಧ ಜನ ಚಿಕಿತ್ಸೆಗೆ ತಯಾರಾಗಿದ್ದರು.

“ಆಫ್ರಿಕಾ!” ಎಂದು ಕಿರುಚಿದೆ.

ಬಸ್ಸು ಗಪ್‌ಚಿಪ್. ಹೆಂಗಸು ಮುನಿಸಿಕೊಂಡು ಹಿಂದಕ್ಕೆ ಒರಗಿದಳು. ಕಿಲಾರಿ ಮಾತ್ರ ಬಹಳ ಯೋಚಿಸಿ ಕೇಳಿದ: “ಆ ಸೀಮೇಲಿ ದನ ಅವವಾ?”

ಅಬ್ಬಾ, ಕಟ್ಟೆ ಒಡೆಯಿತು. ಡಿಂಕಾ, ನುಯೆರ್ ಜನರಿಗೆ ದನವೇ ಆಸ್ತಿ, ಮದುವೆಗೆ ತೆರ ಕೊಡುವುದೂ ದನದಲ್ಲೇ ಎಂದೆ. ನಮ್ಮ ಸೈನ್ಯದ ಪಶುವೈದ್ಯರು ಅಲ್ಲಿಯ ರಾಸುಗಳಿಗೂ ಮದ್ದು ಮಾಡುತ್ತಾರೆ ಎಂದೆ. ಮುದುಕನ ಕಣ್ಣು ಅರಳಿತು. “ನಿಮ್ಮ ಅಳಿಯನೂ ಮಾಡ್ತಾನಾ?”

ಅಳಿಯ ಶಸ್ತ್ರವೈದ್ಯ, ಮನುಷ್ಯರಿಗೆ ಮಾತ್ರ. ಆದರೆ ಇಡೀ ಬಸ್ಸು ನನ್ನ ಕಡೆ ತಿರುಗಿತ್ತು. ಇಂಥ ಸಭೆ ಮತ್ತೆ ಸಿಕ್ಕೀತೆ?

“ಮತ್ತೆ?” ಅಂದೆ. “ಅವನ ಕೈಗುಣವೇ ಅಂಥದ್ದು.”

ಅದಾದ ಮೇಲೆ, 2016ರ ಫೆಬ್ರವರಿಯಲ್ಲಿ ಮಲಕಾಲಿನಲ್ಲಿ, ಮನೆಮಠ ಕಳೆದುಕೊಂಡವರು ಆಶ್ರಯ ಪಡೆದಿದ್ದ ವಿಶ್ವಸಂಸ್ಥೆಯ ಶಿಬಿರದೊಳಗೇ ಗುಂಡು ಹಾರಿದವು, ಬೆಂಕಿ ಬಿತ್ತು, ಜನ ಸತ್ತರು. ಫೋನು ಹತ್ತಲಿಲ್ಲ. ಮಂಡಿಯಲ್ಲಿ ಯಾರು ಕೇಳಿದರೂ ನಾನು ಶೇಂಗಾ ಧಾರಣೆ ಬಿಟ್ಟು ಬೇರೆ ಮಾತಾಡಲಿಲ್ಲ. ಅಕ್ಕ ಲಾಳಿ ನಿಲ್ಲಿಸಲಿಲ್ಲ. ಎಳೆ ತಪ್ಪಿದ ಆ ಸೀರೆಯನ್ನು ಆಮೇಲೆ ಮಾರಲೂ ಇಲ್ಲ. ಕೊನೆಗೆ ಅವನೇ ಫೋನು ಮಾಡಿ, “ಊಟ ಆಯ್ತಾ ಮಾವ?” ಎಂದ. ಬಡಿದುಬಿಡಬೇಕು ಅನ್ನಿಸಿತು.

ಇದಾದ ಸ್ವಲ್ಪ ದಿನಕ್ಕೇ ಕಿಲಾರಿ ವಿಚಾರಿಸಿಕೊಂಡು ಮಂಡಿಗೆ ಬಂದ. ಹೋರಿ ಕುಂಟುತ್ತಿದೆ, ಅಳಿಯನಿಗೆ ಫೋನು ಹಚ್ಚು ಎಂದ. ಹಚ್ಚಿದೆ. ಅವನು ನಕ್ಕೂ ನಕ್ಕೂ ಸುಸ್ತಾಗಿ, ಜೊತೆಯಲ್ಲಿದ್ದ ಪಶುವೈದ್ಯರನ್ನು ಕೇಳಿದ. ಅವರು ಹಿಂದಿಯಲ್ಲಿ ಅವನಿಗೆ, ಅವನು ಕನ್ನಡದಲ್ಲಿ ನನಗೆ, ನಾನು ಗಂಟಲು ಸರಿಮಾಡಿಕೊಂಡು ಕಿಲಾರಿಗೆ: ಮೊದಲು ಗೊರಸು ಎತ್ತಿ ನೋಡು. ನೋಡಿದರೆ ಜಾಲಿಮುಳ್ಳು!

ಈಗ ನಮ್ಮ ಮಂಡಿಯಲ್ಲಿ ಬಕೆಟ್ ಬಂದರೂ ಯಾರೂ ಏಳುವುದಿಲ್ಲ. ರೈಲು ಊರು ಸೇರುವತನಕ ಕೇಳಿ, ಆಮೇಲೆ ಮೇಕೆಯ ಭೇದಿ, ಎಮ್ಮೆಯ ಕೆಚ್ಚಲು ಎಂದು ಶುರುಮಾಡುತ್ತಾರೆ. ಸುದ್ದಿ ಮೊಳಕಾಲ್ಮೂರನ್ನೂ ಮುಟ್ಟಿತು.

“ಅಲ್ಲವೋ, ಅವನು ಮನುಷ್ಯರಿಗೂ ನೋಡ್ತಾನೆ ಅಂತ ಯಾರಿಗಾದ್ರೂ ಹೇಳಿದೀಯೇನೋ?” ಎಂದಳು ಅಕ್ಕ.

“ಹೇಳ್ದೆ ಕಣಕ್ಕ,” ಅಂದೆ. “ಆಗ ಎಲ್ರೂ ಟೀ ಕುಡಿಯೋಕೆ ಹೋಗಿದ್ರು.”