ಹಳೇ ಸ್ವಿಫ್ಟು, ಬೋರಿನ ನೀರು

ಅಲ್ಲೋ ತಮ್ಮ, ರಾಯಚೂರಿಗೆ ಹೋಗಿ ಡೀಸೆಲ್ ಸ್ವಿಫ್ಟ್ ನೋಡಿ ಬಂದೀಯಂತಲ್ಲ? 2012ರ ಮಾಡಲ್ಲು, ಎಂಬತ್ತು ಸಾವಿರ ಅಷ್ಟ ಓಡೈತಿ ಅಂತ ನಿಮ್ಮವ್ವ ಹೇಳಿದ್ಲು. ಆ ಎಂಬತ್ತು ಸಾವಿರ ಮೊದ್ಲು ತಲಿಯಿಂದ ತಗಿ. ಮೀಟರ್ ತಿರುವೋದು ಈಗ ದೊಡ್ಡ ಕೆಲ್ಸ ಅಲ್ಲ. ಡೀಸೆಲ್ ಗಾಡಿ ತಗೊಂಡವ ಓಡಸಾಕಂತನ ತಗೊಂಡಿರ್ತಾನ, ಮನಿ ಮುಂದ ನಿಲ್ಲಸಾಕಲ್ಲ. ಕ್ಲಚ್ ಪೆಡಲ್ಲಿನ ರಬ್ಬರ್ ನೋಡು. ಗೆರಿ ಎಲ್ಲಾ ಸವೆದು ನುಣ್ಣಗಾಗಿದ್ರ, ಸ್ಟೇರಿಂಗ್ ಮಿರಿಮಿರಿ ಮಿಂಚತಿದ್ರ, ಡ್ರೈವರ್ ಸೀಟಿನ ಬಾಗಿಲ ಕಡಿ ಅಂಚು ಕುಸಿದಿದ್ರ, ಮೀಟರ್ ಏನರ ಹೇಳ್ಲಿ, ಗಾಡಿ ಎರಡು ಲಕ್ಷದ ಸುತ್ತ ಐತಿ ಅಂತ ತಿಳ್ಕೊ.

ಎರಡು ಲಕ್ಷ ಆದ್ರೂ ಹೆದರಬ್ಯಾಡ ಮತ್ತ. ಆ ಇಂಜಿನ್ನಿನ ಮೂಲ ಇಟಲಿಯ ಫಿಯಟ್, 1248 ಸಿಸಿ ಮಲ್ಟಿಜೆಟ್. 2007ರಾಗ ಸ್ವಿಫ್ಟಿಗೆ ಬಂತು, ಲೈಸೆನ್ಸ್ ತಗೊಂಡು ಮಾನೇಸರದಾಗ ತಯಾರು ಮಾಡ್ತಿದ್ರು. ಡಿಸೈರು, ರಿಟ್ಜು, ಟಾಟಾದ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ ಎಲ್ಲಾದ್ರ ಹೊಟ್ಯಾಗೂ ಅದ ಇಂಜಿನ್. 2020ರಾಗ ಬಿಎಸ್ 6 ಹೊಗಿ ನಿಯಮ ಬಂದ ಮ್ಯಾಲೆ ಮಾರುತಿಯವರು ಡೀಸೆಲ್ಲ ಕೈಬಿಟ್ರು. ಇಷ್ಟು ಗಾಡಿ ಓಡಿದ್ದಕ್ಕ ಯಾವ ಗ್ಯಾರೇಜಿಗೆ ಹೋದ್ರೂ ಅದರ ಕೆಲ್ಸ ಗೊತ್ತಿರ್ತೈತಿ, ಸಾಮಾನೂ ಸಿಗ್ತಾವ. ನನಗ ಆ ಇಂಜಿನ್ ಮ್ಯಾಲೆ ಭಾಳ ನಂಬಿಕಿ ಐತಿ. ಓಡಿದ್ದಕ್ಕ ಅದು ಕೆಡಂಗಿಲ್ಲ, ಆಯಿಲ್ ಬದಲಿ ಮಾಡದ್ದಕ್ಕ ಕೆಡ್ತೈತಿ.

ಹೆಂಗಂತೀಯಾ? ಹಳೇ ಇಂಡಿಕಾದಾಗ ಟೈಮಿಂಗ್ ಬೆಲ್ಟ್ ಇತ್ತು, ವ್ಯಾಳ್ಯಾಕ್ಕ ಬದಲಿ ಮಾಡದಿದ್ರ ಹರೀತಿತ್ತು. ಇದಕ್ಕ ಚೈನ್ ಐತಿ, ಬದಲಿ ಮಾಡೋ ಗರಜಿಲ್ಲ ಅಂತ ಜನ ಮರ್ತು ಕುಂದರ್ತಾರ. ಆದ್ರ ಆ ಚೈನ್ ಬಿಗಿ ಹಿಡಿಯೋ ಟೆನ್ಷನರ್ ಆಯಿಲ್ ಪ್ರೆಷರಿನ ಮ್ಯಾಲೆ ನಡೀತೈತಿ. ಇಂಜಿನ್ನಿಗೆ ಹಿಡಿಯೋದು ಸುಮಾರು ಮೂರು ಲೀಟರ್ ಆಯಿಲ್. ಅದ್ರಾಗ ಒಂದು ಲೀಟರ್ ಕಮ್ಮಿ ಆತಂದ್ರ, ಇಲ್ಲಾ ಕರ್ರಗ ಮಂದ ಆತಂದ್ರ, ಚೈನ್ ಸಡ್ಲ ಬೀಳ್ತೈತಿ. ಒಂದು ಹಲ್ಲು ಹಾರಿತೋ, ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡೀತೈತಿ, ಹೆಡ್ ಬಿಚ್ಚಬೇಕಾಗ್ತೈತಿ. ಟರ್ಬೋ ಬೇರಿಂಗೂ ಅದ ಆಯಿಲ್ಲಿನ ಮ್ಯಾಲೆ ಬದುಕತೈತಿ. ದೂರದಿಂದ ಜೋರು ಓಡಿಸಿಕೊಂಡು ಬಂದು ಗಪ್ಪನ ಕೀಲಿ ತಿರುವಿ ಇಳಿದು ಹೋಗ್ತಾರಲ್ಲ, ಅಂಥವರ ಗಾಡಿಯೊಳಗ ಟರ್ಬೋ ಭಾಳ ದಿನ ಉಳಿಯಂಗಿಲ್ಲ. ಒಂದರ್ಧ ನಿಮಿಷ ಚಾಲೂ ಬಿಟ್ಟು ಆಮ್ಯಾಲೆ ಬಂದ್ ಮಾಡಬೇಕು.

ಅದಕ್ಕ ಗಾಡಿ ನೋಡಾಕ ಹೊತ್ತು ಹುಟ್ಟೋದ್ರಾಗ ಹೋಗು. ಮಾರವ ನೀ ಬರೋದ್ರಾಗ ಸ್ಟಾರ್ಟ್ ಮಾಡಿ ಇಟ್ಟಿರ್ತಾನ. ಬೋನಟ್ ಮ್ಯಾಲೆ ಅಂಗೈ ಇಡು, ಬೆಚ್ಚಗಿದ್ರ ಹೊಳ್ಳಿ ಬಾ. ತಣ್ಣಗಿದ್ರ ಆಯಿಲ್ ಕಡ್ಡಿ ಜಗ್ಗಿ ನೋಡು, ಆಮ್ಯಾಲೆ ಸೆಲ್ಫ್ ಹೊಡಿ. ಬಲಗಡಿಯಿಂದ ಒಂದೆರಡು ಸೆಕೆಂಡ್ ಚೈನ್ ಜಗ್ಗಿದಂಗ ಕರಕರ ಸಪ್ಪಳ ಬಂತು ಅಂದ್ರ ಚೈನಿನ ಕೆಲ್ಸ ಬಂದೈತಿ. ಚಾಲೂ ಇದ್ದಾಗ ಆಯಿಲ್ ಹಾಕೋ ಮುಚ್ಚಳ ತಗಿ. ಹೊಗಿ ಬುಸುಬುಸು ಮ್ಯಾಲೆ ಬಂದ್ರ, ಮುಚ್ಚಳ ಕುಣಿದ್ರ, ರಿಂಗ್ ಸವೆದಾವ, ಇಂಜಿನ್ ಕೆಲ್ಸಕ್ಕ ಬಂದೈತಿ.

ಇನ್ನ ನಮ್ಮ ಕಡಿದ ಒಂದು ರೋಗ ಐತಿ. ಕೂಲೆಂಟ್ ಡಬ್ಬಿ ಮುಚ್ಚಳ ತಗಿದು ನೋಡು, ಇಂಜಿನ್ ತಣ್ಣಗಿದ್ದಾಗ ಮತ್ತ. ಹಸರೋ ಗುಲಾಬಿಯೋ ಇದ್ರ ಛಲೋ. ಕೆಂಪು ಮಣ್ಣಿನ ನೀರಿನಂಗಿದ್ರ ಕೂಲೆಂಟ್ ಬಿಟ್ಟು ಬೋರಿನ ನೀರು ಹಾಕ್ಯಾರ. ಮಟಮಾರಿಯಾಗ ನಮ್ಮ ಮನಿ ಬೋರಿನ ನೀರು ಕಾಸಿದ ಪಾತ್ರಿ ತಳಕ್ಕ ಬೆಳ್ಳಗ ಚೆಕ್ಕಿ ಕಟ್ಟತಾವಲ್ಲ, ಅದ ಚೆಕ್ಕಿ ರೇಡಿಯೇಟರ್ ಒಳಗೂ ಕಟ್ಟತೈತಿ. ಹೊರಗಿಂದ ಏನೂ ಕಾಣಂಗಿಲ್ಲ. ಚಳಿಗಾಲದಾಗ ಓಡತೈತಿ, ಮಳಿಗಾಲದಾಗೂ ಓಡತೈತಿ. ಮೇ ತಿಂಗಳದಾಗ ನಲವತ್ತೆರಡು ಡಿಗ್ರಿ ಬಿಸಲಾಗ ಏಸಿ ಹಾಕಿ, ನಾಕು ಮಂದಿ ಕುಂದ್ರಿಸಿಕೊಂಡು ಮಾನ್ವಿಗೆ ಹೊಂಟಾಗ ಸೂಜಿ ಮ್ಯಾಲೇರತೈತಿ. ಹೆಡ್ ಅಲ್ಯೂಮಿನಿಯಂದು, ಒಮ್ಮೆ ಕಾದು ಸೊಟ್ಟ ಆತಂದ್ರ ಗ್ಯಾಸ್ಕೆಟ್ ಹೋಗ್ತೈತಿ, ನೀರು ಆಯಿಲ್ ಒಂದಾಗ್ತಾವ. ಹತ್ತಿ ಸುಗ್ಗಿ ಬಂತಂದ್ರ ಲಾರಿಯಿಂದ ಹಾರೋ ಅಳ್ಳಿ ಹೋಗಿ ಏಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವ ಸಿಗಬೀಳ್ತೈತಿ, ಗಾಳಿ ಹಾಯಂಗಿಲ್ಲ. ಟಾರ್ಚ್ ಬಿಟ್ಟು ಮುಂದಿನ ಜಾಳಿಗಿಯಿಂದ ಇಣುಕಿ ನೋಡು.

ಡೀಸೆಲ್ ವಿಷಯ ನಿನಗ ಖಾಸ್ ಹೇಳತೀನಿ, ಮನಿಯಾಗ ಟ್ರ್ಯಾಕ್ಟರ್ ಐತಿ ನಿಮ್ದು. ಕ್ಯಾನಿನಾಗ ತಂದಿಟ್ಟ ಡೀಸೆಲ್ ಕಾರಿಗೆ ಹಾಕಬ್ಯಾಡ. ಇದು ಕಾಮನ್ ರೈಲ್ ಇಂಜಿನ್, ಇಂಜೆಕ್ಟರ್ ತೂತು ಭಾಳ ಸಣ್ಣವು. ಒಂದೀಟು ನೀರು, ಒಂದೀಟು ಕಸ ಸಾಕು. ನಾಕು ಇಂಜೆಕ್ಟರಿಗೆ ಆಗೋ ಖರ್ಚಿನಾಗ ಒಂದು ಛಲೋ ಎಮ್ಮಿ ಬರ್ತೈತಿ. ಏರಿನಾಗ ಪಿಕಪ್ ಇಲ್ಲದ ಕರೇ ಹೊಗಿ ಬಿಟ್ರ ಹೊಗಿ ಹೊಳ್ಳಿ ಇಂಜಿನ್ನಿಗೆ ಕಳಸೋ ಇಜಿಆರ್ ವಾಲ್ವಿಗೆ ಮಸಿ ಹಿಡಿದಿರ್ತೈತಿ, ಅದು ಬಿಚ್ಚಿ ತೊಳೆದ್ರ ಹೋಗೋ ಜಡ್ಡು. ಲೋವರ್ ಆರ್ಮ್ ಬುಷ್, ಲಿಂಕ್ ರಾಡು ನಮ್ಮ ಎರಿ ನೆಲದ ದಾರಿಗೆ ಉಳಿಯೋ ಸಾಮಾನ ಅಲ್ಲ, ಅದಕ್ಕ ರೇಟಿನಾಗ ಒಂದೀಟು ಹಿಡಕೊಂಡು ಮಾತಾಡು. ಕ್ಲಚ್ಚೂ ಹಂಗ. ಎರಡು ಸಾವಿರ ಆರ್‌ಪಿಎಂ ಮುಟ್ಟೋತನಕ ಟರ್ಬೋ ಏಳಂಗಿಲ್ಲಂತ ಸಂತಿ ಗದ್ದಲದಾಗ ಅರ್ಧ ಕ್ಲಚ್ ಹಿಡದ ಓಡಸಿರ್ತಾರ.

ಏನಂದಿ, ನಂಬರ್ ಪ್ಲೇಟ್ ಎಪಿ ಐತಾ? ಹಂಗಿದ್ರ ಕಡಿಮಿ ರೇಟಿಗೆ ಯಾಕ ಕೊಡಾಕತ್ಯಾನ ಅನ್ನೋದು ತಿಳೀತು. ಅಲ್ಲಿ ಆರ್‌ಟಿಓದಿಂದ ಎನ್‌ಓಸಿ ತರಬೇಕು, ಸಾಲ ಇದ್ರ ಅದು ತೀರೈತಿ ಅಂತ ಬ್ಯಾಂಕಿನವರು ಫಾರಂ 35 ಕೊಡಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಿ ಕೆಎ 36 ನಂಬರ್ ಮಾಡಿಸಬೇಕು. ಆ ಟ್ಯಾಕ್ಸ್ ಎಷ್ಟಾಗ್ತೈತಿ ಅನ್ನೋದು ರಾಯಚೂರು ಆರ್‌ಟಿಓದಾಗ ಮೊದ್ಲ ಕೇಳಿಕೊಂಡು ಗಾಡಿ ರೇಟಿಗೆ ಕೂಡಿಸಿ ನೋಡು. 2012ರ ಗಾಡಿ ಅಂದ್ರ 2027ಕ್ಕ ಹದಿನೈದು ವರ್ಷ ತುಂಬತಾವ, ಮತ್ತ ಪರೀಕ್ಷಾ ಮಾಡಿಸಿ ಐದು ವರ್ಷಕ್ಕ ಆರ್‌ಸಿ ರಿನೀವಲ್ ಮಾಡಿಸಬೇಕು. "ಎನ್‌ಓಸಿ ಆಮ್ಯಾಲೆ ಕಳಸ್ತೀನಿ" ಅಂದ್ರ, ಅದು ಕೈಗೆ ಬರೋತನಕ ಅಡ್ವಾನ್ಸಿಗಿಂತ ಹೆಚ್ಚಿಗಿ ಒಂದು ರೂಪಾಯಿನೂ ಕೊಡಬ್ಯಾಡ.